ತಾರಸಿಯ ಸೋಲಾರ್‌ಗೆ ವಿಮೆ: ಆರು ತಪ್ಪು ಕಲ್ಪನೆಗಳು

ತುಮಕೂರಿನಲ್ಲಿ ಬಹುಕಾಲ ಸೋಲಾರ್ ಅಂದರೆ ಸ್ನಾನದ ನೀರು ಕಾಯಿಸುವ ಸೋಲಾರ್ ಅಷ್ಟೇ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. ಮೂರು ಕಿಲೊವಾಟ್ ಘಟಕಕ್ಕೆ 78,000 ರೂಪಾಯಿ ಸಬ್ಸಿಡಿ ಎಂದಾಗ ಬಟವಾಡಿ, ಗುಬ್ಬಿ, ಕುಣಿಗಲ್‌ನ ಮನೆಗಳಲ್ಲೂ ಕರೆಂಟು ತಯಾರಿಸುವ ಪ್ಯಾನೆಲ್‌ಗಳ ಮಾತು ಶುರುವಾಯಿತು. ಹಾಕಿಸುವಾಗ ಎಲ್ಲರೂ ಬಿಲ್ಲು ಎಷ್ಟು ಇಳಿಯುತ್ತದೆ ಎಂದು ಕೇಳುತ್ತಾರೆ. ಕೆಟ್ಟರೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಏಳುವುದು ಏಪ್ರಿಲ್–ಮೇ ತಿಂಗಳ ಮೊದಲ ಗಾಳಿಮಳೆಯ ಮರುದಿನ. ಆಗ ಕೈಗೆ ಸಿಗುವ ಉತ್ತರಗಳಲ್ಲಿ ಅರ್ಧ ತಪ್ಪು.

ನಂಬಿಕೆ 1: 25 ವರ್ಷ ವಾರಂಟಿ ಇದೆ, ವಿಮೆ ಯಾಕೆ?

ಸತ್ಯ: ಆ 25 ವರ್ಷ ಸಾಮಾನ್ಯವಾಗಿ ಉತ್ಪಾದನೆಯ ಭರವಸೆ. ಇಷ್ಟು ವರ್ಷವಾದ ಮೇಲೂ ಪ್ಯಾನೆಲ್ ತನ್ನ ಸಾಮರ್ಥ್ಯದ ಶೇ. 80ರಷ್ಟಾದರೂ ಕರೆಂಟು ಕೊಡುತ್ತದೆ ಎಂಬ ಮಾತು ಅದು. ತಯಾರಿಕೆಯ ದೋಷಕ್ಕೆ ಇರುವ ವಾರಂಟಿ ಬೇರೆ, ಅದರ ಅವಧಿ ಹೆಚ್ಚಾಗಿ 10–12 ವರ್ಷ. ಇನ್ವರ್ಟರ್‌ಗೆ ಇನ್ನೂ ಕಡಿಮೆ. ಈ ಯಾವ ಕಾಗದವೂ ಹೊರಗಿನಿಂದ ಬಂದ ಪೆಟ್ಟಿಗೆ ಹಣ ಕೊಡುವುದಿಲ್ಲ. ಯೋಜನೆಯಡಿ ಸೋಲಾರ್ ಹಾಕಿದವರು ಐದು ವರ್ಷ ನಿರ್ವಹಣೆ ನೋಡಿಕೊಳ್ಳಬೇಕು ಎಂಬುದೂ ನಿಜ, ಆದರೆ ಅದು ರಿಪೇರಿ ಮತ್ತು ಸೇವೆಯ ಕರಾರು. ಗಾಳಿಗೆ ಹಾರಿಹೋದ ಪ್ಯಾನೆಲ್ ಬದಲಿಗೆ ಹೊಸದನ್ನು ತಂದು ಕೂರಿಸುವ ಕರಾರಲ್ಲ.

ಹಾಗಾಗಿ ಏನು ಒಡೆಯಿತು ಎನ್ನುವುದಕ್ಕಿಂತ ಯಾವುದರಿಂದ ಒಡೆಯಿತು ಎನ್ನುವುದೇ ಮುಖ್ಯ. ಒಳಗಿನ ದೋಷವಾದರೆ ವಾರಂಟಿ, ಸಡಿಲವಾದ ನಟ್ಟು–ತಂತಿಯಾದರೆ ನಿರ್ವಹಣೆ, ಸಿಡಿಲು–ಬಿರುಗಾಳಿಯಾದರೆ ವಿಮೆ.

ನಂಬಿಕೆ 2: ಮನೆ ವಿಮೆ ಗೋಡೆ–ಚಾವಣಿಗೆ ಮಾತ್ರ, ಸೋಲಾರ್‌ಗೆ ಬೇರೆಯೇ ಪಾಲಿಸಿ ಬೇಕು

ಸತ್ಯ: 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಮನೆ ಪಾಲಿಸಿಯನ್ನು ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಡ್ಡಾಯ ಮಾಡಿತು. ಅದರಲ್ಲಿ ‘ಮನೆ ಕಟ್ಟಡ’ ಎಂಬುದರೊಳಗೆ ಕಾಂಪೌಂಡು, ನೀರಿನ ತೊಟ್ಟಿ, ಬಯೋಗ್ಯಾಸ್ ಘಟಕದ ಸಾಲಿನಲ್ಲೇ ಸೋಲಾರ್ ಪ್ಯಾನೆಲ್ ಕೂಡ ಇದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ದೊಂಬಿ ಇವೆಲ್ಲ ಪಟ್ಟಿಯಲ್ಲಿವೆ. ಹೊರಗಿನ ವಸ್ತು ಬಂದು ಬಡಿದ ಹಾನಿಯೂ ಇದೆ. ತೆಂಗು ಬೆಳೆಯುವ ಈ ಸೀಮೆಯಲ್ಲಿ ಅದು ಚಿಕ್ಕ ಮಾತಲ್ಲ, ಗಾಳಿಗೆ ಮರ ಉರುಳಿ ತಾರಸಿಯ ಮೇಲೆ ಬಿದ್ದರೆ ಕೇಳಬೇಕಾದ ಕಲಮು ಅದೇ.

ಆದರೆ ಒಂದು ಎಚ್ಚರ ಬೇಕು. ಕಟ್ಟಡದ ವಿಮಾ ಮೊತ್ತ ಬರುವುದು ಮನೆಯ ವಿಸ್ತೀರ್ಣವನ್ನು ಕಟ್ಟುವ ದರದಿಂದ ಗುಣಿಸಿ. ಸೋಲಾರ್‌ನಂಥ ಹೆಚ್ಚುವರಿ ಭಾಗಗಳ ಬೆಲೆಯನ್ನು ನಾವೇ ಘೋಷಿಸಬೇಕು. ಪಾಲಿಸಿ ಮಾಡಿಸಿದ ಮೇಲೆ ಸೋಲಾರ್ ಹಾಕಿಸಿದ್ದರೆ, ಅದನ್ನು ಸೇರಿಸಿ ತಿದ್ದುಪಡಿ ಮಾಡಿಸಿಕೊಳ್ಳಬೇಕು.

ನಂಬಿಕೆ 3: ಸಿಡಿಲು ಪಟ್ಟಿಯಲ್ಲಿದೆ, ಇನ್ವರ್ಟರ್ ಸುಟ್ಟರೂ ಹಣ ಬಂದೇ ಬರುತ್ತದೆ

ಸತ್ಯ: ಹೆಚ್ಚು ಜನ ಎಡವುವುದು ಇಲ್ಲೇ. ಸಿಡಿಲು ಬಡಿದು ಪ್ಯಾನೆಲ್ ಒಡೆದರೆ, ಮನೆಗೆ ಬೆಂಕಿ ಹತ್ತಿದರೆ ಪಾಲಿಸಿ ಅನ್ವಯಿಸುತ್ತದೆ. ಆದರೆ ಅದೇ ಪಾಲಿಸಿಯ ಹೊರತುಪಡಿಕೆಗಳಲ್ಲಿ ಇನ್ನೊಂದು ವಾಕ್ಯವಿದೆ: ಶಾರ್ಟ್ ಸರ್ಕ್ಯೂಟ್, ಕಿಡಿ, ತಾನಾಗಿ ಕಾದುಹೋಗುವುದು, ವಿದ್ಯುತ್ ಸೋರಿಕೆ ಇವುಗಳಿಂದ ವಿದ್ಯುತ್ ಉಪಕರಣವೊಂದು ಹಾಳಾದರೆ ಆ ಉಪಕರಣಕ್ಕೆ ಪರಿಹಾರವಿಲ್ಲ, ಕಾರಣ ಸಿಡಿಲೇ ಆಗಿದ್ದರೂ ಇಲ್ಲ. ಎಲ್ಲೋ ದೂರದಲ್ಲಿ ಬಡಿದ ಸಿಡಿಲಿನ ಹೊಡೆತ ತಂತಿಯಲ್ಲಿ ಹರಿದುಬಂದು ಇನ್ವರ್ಟರ್‌ನ ಬೋರ್ಡು ಸುಟ್ಟರೆ ಕಂಪನಿ ತೋರಿಸುವುದು ಈ ವಾಕ್ಯವನ್ನೇ. ಆ ಇನ್ವರ್ಟರ್‌ನಿಂದ ಬೆಂಕಿ ಹರಡಿ ಬೇರೆ ಸಾಮಾನು ಸುಟ್ಟರೆ ಅದಕ್ಕೆ ಮಾತ್ರ ಪರಿಹಾರ ಉಂಟು. ಇನ್ವರ್ಟರ್‌ಗೂ ರಕ್ಷಣೆ ಬೇಕಾದರೆ ವಿದ್ಯುತ್ ಉಪಕರಣ ಕೆಡುವಿಕೆಯ ಹೆಚ್ಚುವರಿ ರಕ್ಷಣೆ ಸಿಗುತ್ತದೆಯೇ ಎಂದು ಕೇಳಿ ಸೇರಿಸಿಕೊಳ್ಳಬೇಕು.

ಮಿಂಚು ತಡೆಯುವ ಕಂಬ ನೆಟ್ಟಿದ್ದೇವಲ್ಲ ಎಂಬ ಧೈರ್ಯವೂ ಅರ್ಧ ಸರಿ. ಆ ಕಂಬ ನೇರ ಹೊಡೆತವನ್ನು ನೆಲಕ್ಕೆ ಇಳಿಸುತ್ತದೆ. ತಂತಿಯಲ್ಲಿ ಬರುವ ಹೊಡೆತವನ್ನು ತಡೆಯುವುದು ಡಿಸಿ ಮತ್ತು ಎಸಿ ಎರಡೂ ಕಡೆ ಹಾಕುವ ಸರ್ಜ್ ರಕ್ಷಕ ಮತ್ತು ಸರಿಯಾದ ಅರ್ತಿಂಗ್. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದರೆ ಅದರ ಕೆಲಸವೂ ಕುಂದುತ್ತದೆ.

ನಂಬಿಕೆ 4: ಆಲಿಕಲ್ಲು ಬಿದ್ದರೆ ಪ್ಯಾನೆಲ್ ಪುಡಿಪುಡಿ

ಸತ್ಯ: ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಲ್ಲಿ 25 ಮಿ.ಮೀ. ವ್ಯಾಸದ ಮಂಜುಗಡ್ಡೆಯ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಪ್ಯಾನೆಲ್‌ನ 11 ಕಡೆ ಹೊಡೆದು ನೋಡುತ್ತಾರೆ. ಸಣ್ಣ ಆಲಿಕಲ್ಲಿಗೆ ಒಳ್ಳೆಯ ಪ್ಯಾನೆಲ್ ಜಗ್ಗುವುದಿಲ್ಲ. ಹೆಚ್ಚಿನ ಭಯ ಇರುವುದು ಗಾಳಿಯದ್ದು. ಸ್ಟ್ಯಾಂಡು ತಾರಸಿಗೆ ಗಟ್ಟಿಯಾಗಿ ಕೂತಿರದಿದ್ದರೆ ಗಾಳಿ ಕೆಳಗಿನಿಂದ ನುಗ್ಗಿ ಸಾಲನ್ನೇ ಎತ್ತಿಬಿಡಬಹುದು. ಅಳವಡಿಕೆಯೇ ಕಳಪೆ ಎಂದು ಕಂಡರೆ ಹಾನಿ ಅಂದಾಜಿಸಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಪ್ರಶ್ನೆ ಎತ್ತುತ್ತಾರೆ, ಆದ್ದರಿಂದ ಸ್ಟ್ಯಾಂಡು ಕೂರಿಸುವಾಗಲೇ ಫೋಟೊ ತೆಗೆದಿಟ್ಟುಕೊಳ್ಳಿ.

ನಂಬಿಕೆ 5: ಕಳ್ಳತನ, ಇಲಿಕಾಟ, ಕರೆಂಟಿನ ನಷ್ಟ ಎಲ್ಲಕ್ಕೂ ವಿಮೆ ಇದೆ

ಸತ್ಯ: ಬೆಂಕಿ, ಪ್ರವಾಹದಂಥ ಅವಘಡವಾದ ಏಳು ದಿನದೊಳಗೆ, ಅದರ ಕಾರಣದಿಂದಲೇ ಆದ ಕಳ್ಳತನಕ್ಕೆ ಮಾತ್ರ ಮೂಲ ಪಾಲಿಸಿಯಲ್ಲಿ ಜಾಗವಿದೆ. ಉಳಿದ ಕಳವಿಗೆ ಪ್ರತ್ಯೇಕ ರಕ್ಷಣೆ ಬೇಕು. ಅದರಲ್ಲೂ ಹೆಚ್ಚಿನ ಪಾಲಿಸಿಗಳು ಬೀಗ ಮುರಿದ ಗುರುತು ಕೇಳುತ್ತವೆ. ಏಣಿ ಹಾಕಿ ತೆರೆದ ತಾರಸಿಯಿಂದ ಬಿಚ್ಚಿಕೊಂಡು ಹೋದದ್ದು ಅದರಡಿ ಬರುತ್ತದೆಯೇ ಎಂದು ಬರಹದಲ್ಲೇ ಕೇಳಿ. ಇಲಿ ಕಡಿದ ತಂತಿ, ಬಿಸಿಲಿಗೆ ಸವೆದ ಕೇಬಲ್ ಪಟ್ಟಿಯಲ್ಲಿಲ್ಲ. ಘಟಕ ನಿಂತ ದಿನಗಳಲ್ಲಿ ಹೆಚ್ಚಾದ ಬೆಸ್ಕಾಂ ಬಿಲ್ಲನ್ನೂ ಮೂಲ ಪಾಲಿಸಿ ತುಂಬಿಕೊಡುವುದಿಲ್ಲ.

ನಂಬಿಕೆ 6: ಕೈಯಿಂದ ಹಾಕಿದ ದುಡ್ಡಿಗಷ್ಟೇ ವಿಮೆ ಸಾಕು

ಸತ್ಯ: ಸಬ್ಸಿಡಿ ಕಳೆದು ಉಳಿದ ಮೊತ್ತಕ್ಕೆ ವಿಮೆ ಮಾಡಿಸಿದರೆ ಪೂರ್ತಿ ಹಾನಿಯಾದಾಗ 78,000 ರೂಪಾಯಿ ಕೈಬಿಡುತ್ತದೆ. ಒಡೆದದ್ದನ್ನು ಬದಲಿಸಲು ಸರ್ಕಾರ ಮತ್ತೆ ಸಬ್ಸಿಡಿ ಕೊಡುವುದಿಲ್ಲ. ಹೊಸದಾಗಿ ಹಾಕಿಸಲು ತಗಲುವ ಪೂರ್ತಿ ಬೆಲೆಯನ್ನೇ ಬರೆಸಬೇಕು. ಬ್ಯಾಂಕು ಸಾಲ ಕೊಟ್ಟಿದೆ, ವಿಮೆಯನ್ನೂ ಅದೇ ಮಾಡಿಸಿರುತ್ತದೆ ಎಂದು ಕೂರುವುದೂ ಬೇಡ, ಪಾಲಿಸಿಯ ಪ್ರತಿ ಪಡೆದು ಮೊತ್ತ ಮತ್ತು ಅವಧಿಯನ್ನು ಓದಿ.

ಹಾನಿಯಾದ ದಿನ ಮಾಡಬೇಕಾದದ್ದು

ಬಿಸಿಲಿರುವಷ್ಟು ಹೊತ್ತು ಒಡೆದ ಪ್ಯಾನೆಲ್ಲೂ ಕರೆಂಟು ಹುಟ್ಟಿಸುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಸೋಲಾರ್ ಹಾಕಿದವರನ್ನು ಕರೆಸಿ ಡಿಸಿ ಸ್ವಿಚ್ ಆರಿಸಿ. ಸರ್ವೇಯರ್ ನೋಡುವ ಮೊದಲು ಚೂರುಗಳನ್ನು ಗುಜರಿಗೆ ಹಾಕಬೇಡಿ. ಫೋಟೊ, ಪ್ಯಾನೆಲ್‌ಗಳ ಸೀರಿಯಲ್ ನಂಬರು, ಖರೀದಿ ಬಿಲ್ಲು, ನೆಟ್ ಮೀಟರಿಂಗ್ ಕರಾರಿನ ಪ್ರತಿ ಒಂದೆಡೆ ಇರಲಿ. ಕಳವಾದರೆ ಪೊಲೀಸ್ ದೂರು, ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ ಬೇಕಾಗುತ್ತದೆ.

ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ; ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಎರಡೂ ಕಡೆ ನಿಲ್ಲುವುದು ಪಾಲಿಸಿಯಲ್ಲಿ ಬರೆದದ್ದೇ ಹೊರತು ಏಜೆಂಟರು ಬಾಯಲ್ಲಿ ಹೇಳಿದ್ದಲ್ಲ. ಹಾಗಾಗಿ ಮುಂದಿನ ನವೀಕರಣಕ್ಕೆ ಮುನ್ನ ಮೂರು ಪ್ರಶ್ನೆಗೆ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ: ನನ್ನ ಸೋಲಾರ್ ಎಷ್ಟು ಮೊತ್ತಕ್ಕೆ ಸೇರಿದೆ? ಇನ್ವರ್ಟರ್ ಸುಟ್ಟರೆ ಕೊಡುತ್ತೀರಾ? ತಾರಸಿಯಿಂದ ಕಳವಾದರೆ ಕೊಡುತ್ತೀರಾ?