ಒಂದೇ ಮಳೆ, ಬೇರೆ ಬೇರೆ ಗಿಡ: ಪದವಿನ ಮೇಲೆ ಹುಲ್ಲು ಮಾತ್ರ ಯಾಕೆ?

ಇವತ್ತು ನಮ್ಮ ಪುತ್ತೂರು ತಾಲೂಕಿನ ನರಿಮೊಗರಿನ ಕಡೆಯ ಒಂದು ಪ್ರಶ್ನೆ. ಇಲ್ಲಿ ತೋಟಕ್ಕೂ ಪದವಿಗೂ ಬೀಳುವ ಮಳೆ ಒಂದೇ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು. ಹಾಗಿದ್ರೆ ತೋಡಿನ ಬದಿಯಲ್ಲಿ ದೊಡ್ಡ ದೊಡ್ಡ ಮರ, ಸ್ವಲ್ಪ ಮೇಲೆ ಹತ್ತಿದ್ರೆ ಪದವಿನಲ್ಲಿ ಬರೀ ಹುಲ್ಲು. ಯಾಕೆ?

ಮಳೆ ಎಷ್ಟು ಬಿತ್ತು ಅನ್ನೋದು ಅರ್ಧ ಲೆಕ್ಕ ಮಾತ್ರ. ಆ ನೀರು ಮಣ್ಣಿನಲ್ಲಿ ಎಷ್ಟು ತಿಂಗಳು ನಿಲ್ತದೆ ಅನ್ನೋದು ಉಳಿದರ್ಧ. ಇದು ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು. ಗದ್ದೆಗಳಿಗೆ ಅವರು ಇಟ್ಟ ಹೆಸರು ನೋಡಿ: ಬೆಟ್ಟು, ಮಜಲು, ಬೈಲು. ಬೆಟ್ಟು ಗದ್ದೆ ಎತ್ತರದ್ದು, ಮಳೆಗಾಲದ ಏಣೆಲು ಬೆಳೆ ಒಂದೇ. ಮಜಲಿನಲ್ಲಿ ನೀರು ಇನ್ನೂ ಸ್ವಲ್ಪ ದಿನ ಇರ್ತದೆ, ಸುಗ್ಗಿ ಬೆಳೆಯೂ ಆಗ್ತದೆ. ತಗ್ಗಿನ ಬೈಲಿನಲ್ಲಿ ಮೂರನೆಯ ಕೊಳಕೆ ಬೆಳೆಯೂ ಸಾಧ್ಯ. ಮೋಡ ಒಂದೇ, ಗದ್ದೆ ಮೂರು.

ಮುರಕಲ್ಲು ಹುಟ್ಟಿದ್ದು ಹೇಗೆ?

ಬಿಸಿಲು ಮತ್ತು ಜೋರು ಮಳೆ ಲಕ್ಷಾಂತರ ವರ್ಷ ಕಲ್ಲಿನ ಮೇಲೆ ಕೆಲಸ ಮಾಡಿವೆ. ಸಿಲಿಕಾ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಎಲ್ಲ ನೀರಿನೊಟ್ಟಿಗೆ ತೊಳೆದು ಹೋಯ್ತು. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಅದಕ್ಕೇ ಆ ಕೆಂಪು ಬಣ್ಣ. ಒಳಗಿರುವಾಗ ಮೆತ್ತಗೆ, ಗಾಳಿಗೆ ಬಂದ್ರೆ ಗಟ್ಟಿ. ಮಲಬಾರಿನಲ್ಲಿ ಜನ ಇದನ್ನು ಕಡಿದು ಮನೆ ಕಟ್ಟೋದು ನೋಡಿದ ಫ್ರಾನ್ಸಿಸ್ ಬುಕನನ್ 1807ರ ತನ್ನ ಪುಸ್ತಕದಲ್ಲಿ ಇದಕ್ಕೆ 'ಲ್ಯಾಟರೈಟ್' ಅಂತ ಹೆಸರು ಕೊಟ್ಟ. ಲ್ಯಾಟಿನ್‌ನಲ್ಲಿ 'ಲೇಟರ್' ಅಂದ್ರೆ ಇಟ್ಟಿಗೆ.

ಅಂದ್ರೆ ನಮ್ಮ ಮಣ್ಣನ್ನು ಮಾಡಿದ್ದೇ ನಮ್ಮ ಹವೆ. ಇದು ಹುಳಿ ಮಣ್ಣು. ಅಡಿಕೆ ತೋಟಕ್ಕೆ ಸುಣ್ಣ ಹಾಕೋದು ಸುಮ್ಮನೆ ಅಲ್ಲ.

ಪದವು ಬೋಳಲ್ಲ

ಪದವಿನ ಬಂಡೆಯ ಮೇಲೆ ಕೆಲವು ಕಡೆ ಬೆರಳು ದಪ್ಪದಷ್ಟೂ ಮಣ್ಣಿಲ್ಲ. ಮಳೆಗಾಲದಲ್ಲಿ ಅದು ಕೆರೆ, ಏಪ್ರಿಲಿನಲ್ಲಿ ಕಾವಲಿ. ಮರದ ಬೇರಿಗೆ ಅಲ್ಲಿ ಜಾಗ ಇಲ್ಲ. ಬಿರುಕು ಸಿಕ್ಕಿದ ಕಡೆ ಕುಂಟಾಲ, ಕೇಪಳ, ನೆಕ್ಕರೆಯಂಥ ಪೊದೆಗಳು ನಿಲ್ತವೆ. ಬಂಡೆಯ ಮೇಲೆಯೇ ಬದುಕುವ ಪುಟ್ಟ ಗಿಡಗಳದ್ದು ಬೇರೆ ಉಪಾಯ: ಮಳೆ ಶುರುವಾದಾಗ ಮೊಳಕೆ, ಮಳೆ ಮುಗಿಯುವಾಗ ಹೂವು, ಆಮೇಲೆ ಬೇಸಿಗೆ ಇಡೀ ಬೀಜವಾಗಿ ನಿದ್ದೆ.

ಗೊಬ್ಬರ ಇಲ್ಲದ ಮಣ್ಣಲ್ಲಿ ಸಾರಜನಕ ಎಲ್ಲಿಂದ? ಕೆಲವು ಗಿಡಗಳು ಹುಳ ಹಿಡೀತವೆ! ಡ್ರೋಸೆರಾದ ಎಲೆಯ ಮೇಲೆ ಇಬ್ಬನಿ ಹನಿಯ ಹಾಗೆ ಹೊಳೆಯೋದು ಅಂಟು. ಕೂತ ನೊಣ ಏಳೋದಿಲ್ಲ. ಯುಟ್ರಿಕ್ಯುಲೇರಿಯಾ ಒದ್ದೆ ಮಣ್ಣಿನೊಳಗೆ ಚಿಕ್ಕ ಚಿಕ್ಕ ಚೀಲ ಇಟ್ಟುಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಎಳ್ಕೊಳ್ತದೆ.

ಮಣ್ಣು ಫಲವತ್ತಾದ್ರೆ ಗಿಡದ ಜಾತಿ ಹೆಚ್ಚಾಗ್ಬೇಕು ಅಂತ ನಮಗೆ ಅನ್ನಿಸ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ಒಂದು ಹುಲ್ಲುಗಾವಲಿನ ತುಂಡುಗಳಿಗೆ ಬೇರೆ ಬೇರೆ ಗೊಬ್ಬರ ಹಾಕಿ ನೋಡ್ತಾ ಇದ್ದಾರೆ. ಸಾರಜನಕದ ಗೊಬ್ಬರ ಹಾಕಿದ ಕಡೆ ಹುಲ್ಲು ಎತ್ತರ ಬಂತು, ಜಾತಿ ಕಡಿಮೆಯಾಯ್ತು. ಬೇಗ ಬೆಳೆಯುವ ನಾಲ್ಕೈದು ಗಿಡಗಳು ಉಳಿದವಕ್ಕೆ ಬಿಸಿಲೇ ಬಿಡಲಿಲ್ಲ. ಪದವಿನ ಬಡ ಮಣ್ಣೇ ಅಲ್ಲಿಯ ಸಣ್ಣ ಗಿಡಗಳಿಗೆ ರಕ್ಷಣೆ.

ರೈಲಿನ ಕಿಟಕಿಯಿಂದ

ಇದೇ ಲೆಕ್ಕವನ್ನು ದೊಡ್ಡದಾಗಿ ನೋಡ್ಬೇಕಾದ್ರೆ ಹಗಲು ಹೊತ್ತಿಗೆ ಕಬಕ ಪುತ್ತೂರಿನಿಂದ ಹಾಸನದ ಕಡೆ ರೈಲು ಹತ್ತಿ. ಸುಬ್ರಹ್ಮಣ್ಯ ರೋಡ್ ದಾಟಿದ ಮೇಲೆ ಘಟ್ಟದ ನಿತ್ಯಹರಿದ್ವರ್ಣ ಕಾಡು. ಅಲ್ಲಿ ಮಳೆಯೂ ಉಂಟು, ಬೇಸಿಗೆಗೆ ನೀರು ಹಿಡಿದಿಡುವ ಆಳವಾದ ಮಣ್ಣೂ ಉಂಟು. ಅದೇ ಘಟ್ಟದ 1,712 ಮೀಟರ್ ಎತ್ತರದ ಕುಮಾರಪರ್ವತದ ನೆತ್ತಿಯಲ್ಲಿ ಮಾತ್ರ ಮತ್ತೆ ಹುಲ್ಲು. ಮಳೆಗೆ ಕೊರತೆ ಇಲ್ಲ, ಆದ್ರೆ ಗಾಳಿ ಜೋರು, ಮಣ್ಣು ತೆಳು. ಗಾಳಿ ತಾಗದ ಕಣಿವೆಗಳಲ್ಲಿ ಶೋಲಾ ಕಾಡು. ಸಕಲೇಶಪುರ, ಹಾಸನ ದಾಟಿ ಅರಸೀಕೆರೆಗೆ ಬಂದ್ರೆ ಮೋಡಗಳು ಘಟ್ಟದಲ್ಲೇ ಖಾಲಿಯಾಗಿರ್ತವೆ. ಅಲ್ಲಿ ಜಾಲಿ, ಮುಳ್ಳುಪೊದೆ. ಒಂದೇ ಹಗಲಿನಲ್ಲಿ ನಾಲ್ಕು ಲೋಕ.

ಈಗ ಪದವಿಗೆ ಏನಾಗ್ತಾ ಉಂಟು?

ಘಟ್ಟದ ಕಾಡು ಕಡಿದ್ರೆ ಸುದ್ದಿಯಾಗ್ತದೆ. ಪದವು ಹೋದ್ರೆ ಯಾರೂ ಕೇಳೋದಿಲ್ಲ. 'ಪಾಳು ಜಾಗ' ಅಲ್ವಾ ಅಂತ. ಕೆಲವು ಕಡೆ ಕೆಂಪುಕಲ್ಲು ಕೋರೆ, ಕೆಲವು ಕಡೆ ಅಕೇಶಿಯಾ ನೆಡುತೋಪು. ಇನ್ನು ಕೆಲವು ಕಡೆ ಜೆಸಿಬಿಯಲ್ಲಿ ತಟ್ಟು ಮಾಡಿ, ಹೊರಗಿನ ಮಣ್ಣು ತುಂಬಿಸಿ, ಬೋರ್‌ವೆಲ್ ಹೊಡೆದು ಅಡಿಕೆ. ಅಡಿಕೆ ಬೆಳೆಯುವವರ ಕಷ್ಟ ನನಗೂ ಗೊತ್ತು. ಆದ್ರೆ ಕಾಡು ಕಡಿದ ಜಾಗದಲ್ಲಿ ಮತ್ತೆ ಮರ ನೆಡಬಹುದು. ಇಷ್ಟು ವರ್ಷಗಳಲ್ಲಿ ಆದ ಬಂಡೆಯ ಮೇಲ್ಮೈಯನ್ನು ಮತ್ತೆ ಮಾಡ್ಲಿಕ್ಕೆ ನಮ್ಮಿಂದ ಆಗೋದಿಲ್ಲ. 'ಹಸಿರು ಮಾಡ್ತೇವೆ' ಅಂತ ಅಲ್ಲಿ ಗಿಡ ನೆಟ್ರೂ ನಷ್ಟವೇ, ಯಾಕಂದ್ರೆ ನೆರಳು ಬಿದ್ರೆ ಡ್ರೋಸೆರಾ ಬದುಕೋದಿಲ್ಲ.

ಒಂದು ಕೆಲಸ ಕೊಡ್ತೇನೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಟ್ಟ ದಿನ ಹತ್ತಿರದ ಪದವಿಗೆ ಹೋಗಿ ಕೂತ್ಕೊಳ್ಳಿ. ನಿಂತು ನೋಡಿದ್ರೆ ಹುಲ್ಲು ಮಾತ್ರ ಕಾಣ್ತದೆ. ಒಂದು ಚಾಪೆಯಷ್ಟು ಜಾಗದಲ್ಲಿ ಎಷ್ಟು ಬಗೆ ಗಿಡ ಉಂಟು ಅಂತ ಎಣಿಸಿ, ಫೋಟೋ ತೆಗೀರಿ, ಕೀಳ್ಬೇಡಿ. ಲೆಕ್ಕ ನಮಗೂ ಕಳಿಸಿ. ಮುಂದಿನ ವಾರ ಸಿಗೋಣ.