ಎದೆಬಡಿತದ ಸಾಕ್ಷಿ

ಕೆಲವು ವರ್ಷಗಳ ಹಿಂದೆ ದೇವದುರ್ಗದ ಕಡೆಯ ತಾಯಿಯೊಬ್ಬರು ಹರೆಯದ ಮಗಳನ್ನು ಕರೆದುಕೊಂಡು ನಮ್ಮ ಗುರುಮನೆಗೆ ಬಂದರು. ಹತ್ತಿ ಬಿಡಿಸುವಾಗ ಹಠಾತ್ತನೆ ಎದೆ ಓಡತೊಡಗುವುದು, ಕಣ್ಣು ಕತ್ತಲಿಡುವುದು, ಅರ್ಧ ತಾಸಿನಲ್ಲಿ ತಾನಾಗಿಯೇ ನಿಲ್ಲುವುದು. ಊರವರು ಗಾಳಿಯೆಂದರು, ಬಂಧುಗಳು ಮನೋದೌರ್ಬಲ್ಯವೆಂದರು. ಗೊತ್ತಾಗಿದ್ದ ಮದುವೆ ಮುರಿಯಿತು. “ಡಾಕ್ಟ್ರು ಏನೂ ಇಲ್ಲ ಅಂತಾರ್ರೀ ಫಾದರ್, ಆದ್ರ ಈಕಿ ಎದಿ ಕುದುರಿ ಓಡಿದಂಗ ಓಡ್ತೈತ್ರೀ” ಎಂದು ತಾಯಿ ಕಣ್ಣೀರಿಟ್ಟರು. ನಾವು ತಲೆಯ ಮೇಲೆ ಕೈಯಿರಿಸಿ ಪ್ರಾರ್ಥಿಸಿ, ಧೈರ್ಯ ಹೇಳಿ ಕಳುಹಿಸಿದೆವು. ಪ್ರಾರ್ಥಿಸಿದ್ದು ತಪ್ಪಲ್ಲ, ಅಷ್ಟಕ್ಕೇ ನಿಲ್ಲಿಸಿದ್ದು ತಪ್ಪು.

13ನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ಹೃದಯದ ಚಲನೆಯನ್ನು ಕುರಿತೇ ಒಂದು ಕಿರುಗ್ರಂಥ ರಚಿಸಿದ್ದಾರೆ. ಎದೆಬಡಿತವು ಸಹಜ ಚಲನೆ, ನಮ್ಮ ಇಚ್ಛೆಯ ಅಪ್ಪಣೆಗೆ ಅದು ಕಾಯುವುದಿಲ್ಲ ಎಂಬುದು ಅವರ ವಾದ. ಗುರುಮಠದಲ್ಲಿ ಇದನ್ನು ಓದಿದ್ದ ನಮಗೆ, “ಮನಸ್ಸು ಗಟ್ಟಿ ಮಾಡಿಕೋ” ಎಂದು ಆ ಹುಡುಗಿಗೆ ಹೇಳುವಾಗ ಅದು ನೆನಪಾಗಲಿಲ್ಲ.

ವೈದ್ಯರು ಹೇಳುವುದು ಹೀಗೆ: ಹೃದಯದ ಮೇಲಿನ ಬಲಕೋಣೆಯಲ್ಲಿ ಹುಟ್ಟುವ ವಿದ್ಯುತ್ತು ಒಂದೇ ದಾರಿಯಲ್ಲಿ ಕೆಳಕೋಣೆಗಳಿಗೆ ಇಳಿಯಬೇಕು. ಕೆಲವರಿಗೆ ಹುಟ್ಟಿನಿಂದಲೇ ಇನ್ನೊಂದು ದಾರಿಯಿರುತ್ತದೆ. ಒಂದರಲ್ಲಿ ಇಳಿದು ಮತ್ತೊಂದರಲ್ಲಿ ಏರಿ, ಕಣದಲ್ಲಿ ಸುತ್ತುವ ಎತ್ತಿನಂತೆ ವಿದ್ಯುತ್ತು ತಿರುಗತೊಡಗಿದರೆ ಬಡಿತ ನಿಮಿಷಕ್ಕೆ 150, 200ಕ್ಕೆ ಏರುತ್ತದೆ.

1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೀನುಗಾರನೊಬ್ಬನ ಎದೆಯನ್ನೇ ತೆರೆದು ಇಂತಹ ದಾರಿಯನ್ನು ಕತ್ತರಿಸಿದರು. ಇಂದು ಎದೆ ತೆರೆಯಬೇಕಿಲ್ಲ. ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳುವಾದ ತಂತಿಕೊಳವೆಯನ್ನು ಹೃದಯದವರೆಗೆ ಸಾಗಿಸಿ, ತಪ್ಪುದಾರಿಯನ್ನು ಹುಡುಕಿ, ಕೆಲವೇ ಮಿಲಿಮೀಟರ್ ಜಾಗವನ್ನು ರೇಡಿಯೋ ತರಂಗಗಳ ಶಾಖದಿಂದ ಸುಡುತ್ತಾರೆ. ಇದೇ ಅಬ್ಲೇಷನ್. ಇಂತಹ ರೋಗಿಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಗುಣ ಹೊಂದುತ್ತಾರೆ. ಅಪಾಯವೇ ಇಲ್ಲವೆನ್ನಲಾಗದು: ಅಪರೂಪಕ್ಕೆ ಸಹಜ ದಾರಿಗೇ ಪೆಟ್ಟು ಬಿದ್ದು ಪೇಸ್‌ಮೇಕರ್ ಬೇಕಾಗುವುದುಂಟು. ವೃದ್ಧರಲ್ಲಿ ಹೆಚ್ಚಾಗಿ ಕಾಣುವ ಕ್ರಮಗೆಟ್ಟ ಬಡಿತ ಬೇರೆ ಬಗೆಯದು. ಅಬ್ಲೇಷನ್ ಆದ ಮೇಲೂ ಅದು ಮರುಕಳಿಸಬಹುದು. ಕೀಲುವಾತದಿಂದ ಕವಾಟ ಕೆಟ್ಟವರಿಗೆ ಮೊದಲು ಕವಾಟದ ಚಿಕಿತ್ಸೆಯಾಗಬೇಕು.

ಆದರೆ ಚಿಕಿತ್ಸೆಗಿಂತ ಮೊದಲು ಸಾಕ್ಷಿ ಬೇಕು. ಬಡಿತ ನಿಂತ ಮೇಲೆ ತೆಗೆದ ಇಸಿಜಿಯಲ್ಲಿ ಅನೇಕರಿಗೆ ದೋಷವೇ ಕಾಣದು. ಬಸ್ಸಿಗೆ ಕಾದು ರಾಯಚೂರು ತಲುಪುವಷ್ಟರಲ್ಲಿ ಎದೆ ಶಾಂತವಾಗಿರುತ್ತದೆ, ರೋಗಿ ಸುಳ್ಳುಗಾತಿಯಾಗುತ್ತಾಳೆ! ನಮ್ಮ ಹುಡುಗಿಗೆ ಆದದ್ದೂ ಇದೇ. ಮರುವರ್ಷ ಮಾನ್ವಿಯಲ್ಲಿ ಬಂಧುಗಳ ಮನೆಯಲ್ಲಿದ್ದಾಗ ಎದೆ ಓಡಿತು. ಹತ್ತಿರದ ದವಾಖಾನೆಯಲ್ಲಿ ಧರ್ಮಭಗಿನಿಯೊಬ್ಬರು ತಡಮಾಡದೆ ಇಸಿಜಿ ತೆಗೆದರು. ಆ ಕಾಗದದ ಪಟ್ಟಿಯೇ ಅವಳನ್ನು ಬೆಂಗಳೂರಿಗೆ ಕಳುಹಿಸಿತು. ಹೊರಡುವ ಮುನ್ನ ರೋಗಿಗಳ ಅಭ್ಯಂಗನ ಕೊಟ್ಟಾಗ ಅಜ್ಜಿ ಗೋಳಾಡಿದರು. ಅದು ಸಾಯುವವರಿಗೆ ಮಾತ್ರವೆಂಬ ಭ್ರಮೆ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಅಬ್ಲೇಷನ್ ಆದ ಮರುದಿನವೇ ಹುಡುಗಿ ಎದ್ದು ನಡೆದಳು. ಮುಂದಿನ ಸುಗ್ಗಿಯಲ್ಲಿ ಮತ್ತೆ ಹತ್ತಿ ಬಿಡಿಸಿದಳು. ಮುರಿದ ಸಂಬಂಧ ಮಾತ್ರ ಕೂಡಲಿಲ್ಲ.

ಆದುದರಿಂದ ಎದೆ ಓಡುತ್ತಿರುವಾಗಲೇ ಸಮೀಪದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿರಿ. ಎಚ್ಚರ ತಪ್ಪಿದರಂತೂ ಒಂದು ಕ್ಷಣವೂ ಕಾಯಬೇಡಿರಿ. ಆ ಪಟ್ಟಿಯನ್ನು ರಾಯಚೂರಿನ ರಿಮ್ಸ್ ವೈದ್ಯರಿಗೆ ತೋರಿಸಿದರೆ ಮುಂದಿನ ದಾರಿ ತಿಳಿಯುತ್ತದೆ. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಅಬ್ಲೇಷನ್ ಸೌಲಭ್ಯವಿದೆ. ಪಡಿತರ ಚೀಟಿಯನ್ನು ಜೊತೆಗೊಯ್ದು ಸರ್ಕಾರಿ ಯೋಜನೆಯ ನೆರವು ಸಿಗುವುದೇ ಎಂದು ಮೊದಲೇ ವಿಚಾರಿಸಿರಿ. ಇಸಿಜಿ ಕಾಗದದ ಗೆರೆಗಳು ನಮ್ಮ ರಾಯಚೂರಿನ ಬಿಸಿಲಿಗೆ ಬೇಗ ಮಾಸುತ್ತವೆ; ಅಂದೇ ಒಂದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿರಿ.