ಪಿಯುಸಿ ಮುಗಿಯುವ ಮೊದಲೇ ತಪಾಸಣೆ ಮಾಡಿಸಿ

ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟದ್ದನ್ನು ಕೇಳಿಯೇ ಬಾಯಿಪಾಠ ಮಾಡುತ್ತಾನೆ, ಕಿತಾಬು ನೋಡಿ ಓದು ಅಂದರೆ ಮಾತ್ರ ತಡವರಿಸುತ್ತಾನೆ. ಇಂಥ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಉದಾಸೀನ ಅಂತ ಬೈದೂ ಇದ್ದೇವೆ. ಅದು ಕಲಿಕಾ ನ್ಯೂನತೆಯೂ ಆಗಿರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇದೂ ಒಂದು.

ಮಂಗಳೂರಿನವರಿಗೆ ದೊಡ್ಡ ಆಸ್ಪತ್ರೆಗಳು ಹತ್ತಿರ. ಹನೂರು ತಾಲ್ಲೂಕಿನ ಅಜ್ಜೀಪುರದಂಥ ಊರಲ್ಲಿರುವವರು ಕೊಳ್ಳೇಗಾಲ ದಾಟಿ ಮೈಸೂರಿನ ಮಾನಸಗಂಗೋತ್ರಿಗೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬೇಕು. ಒಂದು ದಿನದ ಕೆಲಸ ಕೆಡುತ್ತದೆ, ನಿಜ. ಆದರೆ ನ್ಯೂನತೆ ಶೇ 40 ಅಥವಾ ಹೆಚ್ಚು ಎಂದು ಅಧಿಕೃತ ಪ್ರಮಾಣಪತ್ರ ಸಿಕ್ಕಿದರೆ ಸರ್ಕಾರಿ, ಅನುದಾನಿತ ಕಾಲೇಜುಗಳ ಶೇ 5ರ ಮೀಸಲಾತಿಗೆ ಅರ್ಹತೆ ಬರುತ್ತದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯ ಕೇಳಬಹುದು.

ಕೇಳಬೇಕಾದವರು ಯಾರು? ಶಾಲೆಯಲ್ಲಿ ಟೀಚರಿಗೆ ಮಗುವಿನ ಗುರುತಿತ್ತು, ಉಮ್ಮ ಹೋಗಿ ಮಾತಾಡಿದರೆ ಸಾಕಿತ್ತು. ಕಾಲೇಜಿನ ಆಫೀಸಿನಲ್ಲಿ ಹುಡುಗನೇ, ಹುಡುಗಿಯೇ ಬಾಯಿ ಬಿಟ್ಟು ಹೇಳಬೇಕು. ನಮ್ಮ ಮನೆಗಳು ಎಡವುವುದು ಇಲ್ಲೇ. ಮದುವೆ ಮಾತುಕತೆಗೆ ತೊಂದರೆ ಆದೀತು ಅಂತ ಹೆಣ್ಣುಮಕ್ಕಳ ವಿಷಯವನ್ನು ಮುಚ್ಚಿಡುವವರೇ ಹೆಚ್ಚು. ಹತ್ತನೇ ತರಗತಿಯಿಂದಲೇ ಅಭ್ಯಾಸ ಮಾಡಿಸಿ: ಬ್ಯಾಂಕಿನ ಚಲನ್ ಅವರೇ ತುಂಬಲಿ, ತಮ್ಮ ಕಷ್ಟ ಏನೆಂದು ಎರಡು ಮಾತಲ್ಲಿ ಅವರೇ ಹೇಳಲಿ. ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಈಗ ಮೊಬೈಲಿನಲ್ಲೇ ಇದೆ. ಕೇಳಿ ಕಲಿಯುವವರಿಗೆ ಅದು ಸಾಕಷ್ಟು ಆಸರೆ.

ತಪಾಸಣೆಗೆ ಹೋಗುವಾಗ ಅಂಕಪಟ್ಟಿಯ ಜೊತೆ ಹಳೆಯ ನೋಟ್ಸ್ ಪುಸ್ತಕಗಳನ್ನೂ ಕೊಂಡುಹೋಗಿ. ಅಕ್ಷರ ತಪ್ಪಿದ ಪುಟಗಳನ್ನು ನಾಚಿಕೆಯಿಂದ ಹರಿಯಬೇಡಿ, ಅಲ್ಲಿ ನೋಡಬೇಕಾದದ್ದು ಅದನ್ನೇ.